ಹೊಸ ಡಬ್ಬಿಗೆ ಬಂದ ಅವ್ವನ ದನಿ

ನಮ್ಮ ಮಾವ ಪಿರಿಯಾಪಟ್ಟಣದಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದವರು. ಸುತ್ತಲಿನ ಹಳ್ಳಿಗಳ ಮದುವೆಗಳಿಗೆ ಹೋಗಿ ಹಾರ್ನ್ ಕಟ್ಟುತ್ತಿದ್ದರು. ಹೆಂಗಸರು ಸೋಬಾನೆ ಪದ ಹೇಳಲು ಕೂತರೆ ಅವರ ಮುಂದೆ ಮೈಕ್ ಇಟ್ಟು, ತಮ್ಮ ಖುಷಿಗೆ ಅಂತ ಕ್ಯಾಸೆಟ್ಟಿಗೂ ತುಂಬಿಸಿಕೊಳ್ಳುತ್ತಿದ್ದರು. ನನ್ನ ಮದುವೆಯಲ್ಲೂ ಹಾಗೇ ಮಾಡಿದ್ದರು, ತಾವೇ ವರನ ತಂದೆ ಅನ್ನುವುದನ್ನೂ ಮರೆತು.

ಎರಡು ಸಾವಿರದ ಆಸುಪಾಸಿನಲ್ಲಿ ಅಂಗಡಿ ಮುಚ್ಚಿದರು. ಸುಮ್ಮನೆ ಕೂರಲಾಗದ ಅವರಿಗೆ ನನ್ನ ಗಂಡ ಮೈಸೂರಿನಿಂದ ಒಂದು ಕಂಪ್ಯೂಟರ್ ತಂದುಕೊಟ್ಟರು. ಮಾವ ಒಂದೊಂದೇ ಕ್ಯಾಸೆಟ್ ಓಡಿಸಿ ಪದಗಳನ್ನೆಲ್ಲ ಅದಕ್ಕೆ ಸೇರಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಅದರಿಂದ ವೈರು ಎಳೆದು ಅಡುಗೆಮನೆಗೊಂದು, ಜಗಲಿಗೊಂದು, ಕೊಟ್ಟಿಗೆಗೊಂದು ಸ್ಪೀಕರ್ ಕೂರಿಸಿದರು. ಬೆಳಗ್ಗೆ ಅವರು ನಡುಮನೆಯಲ್ಲಿ ಪದ ಹಾಕಿದರೆ ನಾನು ಒಲೆಯ ಮುಂದೆಯೂ ಕೇಳಬಹುದಿತ್ತು, ಹಾಲು ಕರೆಯುತ್ತಲೂ ಕೇಳಬಹುದಿತ್ತು.

ವರ್ಷ ಕಳೆದಂತೆ ಆ ಕಂಪ್ಯೂಟರಿಗೆ ವಯಸ್ಸಾಯಿತು. ಒಳಗಿನ ಫ್ಯಾನು ರಾಗಿಕಲ್ಲಿನಂತೆ ಸದ್ದು ಮಾಡುತ್ತಿತ್ತು. ಪದ ಅರ್ಧಕ್ಕೆ ನಿಂತುಹೋಗುತ್ತಿತ್ತು. ಒಮ್ಮೆ ಆರಿಸಿದರೆ ಮತ್ತೆ ಹತ್ತಿಕೊಳ್ಳುವುದೇ ಅನುಮಾನವಾಯಿತು.

"ಹೊಸದು ತತ್ತೀನಿ ಅಪ್ಪ," ಎಂದರು ನನ್ನ ಗಂಡ.

"ತತ್ತೀಯ ಸರಿ ಕಣ್ಲಾ. ಇದ್ರೊಳಗಿರೋ ಪದ ಅದಕ್ಕೆ ಎಂಗ್ ಬತ್ತವೆ?" ಎಂದರು ಮಾವ. ಅವರ ಭಯಕ್ಕೆ ಕಾರಣವಿತ್ತು. ಅಟ್ಟದ ಮೇಲಿನ ಕ್ಯಾಸೆಟ್ಟುಗಳಿಗೆ ಅಷ್ಟೊತ್ತಿಗೆ ಬೂಸಲು ಹಿಡಿದಿತ್ತು. ಪದಗಳು ಉಳಿದಿದ್ದದ್ದು ಆ ಮುದಿ ಡಬ್ಬಿಯೊಳಗೆ ಮಾತ್ರ.

ನನ್ನ ಭಯ ಬೇರೆ. ನಮ್ಮವ್ವ ಹನಗೋಡಿನ ಕಡೆ ಸೋಬಾನೆಗೆ ಹೆಸರಾದವಳು. ಅವಳಿಲ್ಲದೆ ಸುತ್ತಮುತ್ತ ಯಾರೂ ಚಪ್ಪರ ಹಾಕುತ್ತಿರಲಿಲ್ಲ. ಆಮೇಲೆ ಗಂಟಲಲ್ಲಿ ಗಂಟಾಗಿ, ಆಪರೇಶನ್ ಆಗಿ, ಜೀವ ಉಳಿಯಿತು, ದನಿ ಉಳಿಯಲಿಲ್ಲ. ಹತ್ತಿರ ಕೂತರೆ ಕೇಳುವಷ್ಟು ಪಿಸುಮಾತು ಅಷ್ಟೆ. ನನ್ನ ಮದುವೆಯಲ್ಲಿ ಅವಳು ಹೇಳಿದ ಪದ ಆ ಡಬ್ಬಿಯಲ್ಲಿತ್ತು.

ಹೊಸ ಕಂಪ್ಯೂಟರ್ ಬಂತು. ಒಂದು ಭಾನುವಾರ ಬೆಳಗ್ಗೆ ಗಂಡ ಹಳೆಯದರ ಹೊಟ್ಟೆ ಬಿಚ್ಚಿ, ಪದಗಳಿದ್ದ ಹಾರ್ಡ್ ಡಿಸ್ಕನ್ನು ತೆಗೆದು ಹೊಸದಕ್ಕೆ ಜೋಡಿಸಿ, ಪದಗಳನ್ನು ಅದಕ್ಕೆ ತುಂಬಿಸತೊಡಗಿದರು. ಹಳೆಯ ಡಿಸ್ಕು ಬೇಗ ಬಿಸಿಯಾಗುತ್ತಿತ್ತು. ಮಾವ ಟೇಬಲ್ ಫ್ಯಾನ್ ತಂದು ಅದಕ್ಕೆ ಗಾಳಿ ಬರುವಂತೆ ತಿರುಗಿಸಿಟ್ಟು, ಜ್ವರ ಬಂದ ಮಗುವಿನ ಪಕ್ಕ ಕೂತಂತೆ ಕೂತರು. ಪರದೆಯ ಮೇಲೆ ಊರಿನ ಹೆಸರುಗಳು ಒಂದೊಂದಾಗಿ ಹಾದುಹೋಗುತ್ತಿದ್ದವು. ಮಾವ ಪದಗಳಿಗೆ ಮದುವೆಯಾದ ಊರಿನ ಹೆಸರನ್ನೇ ಇಟ್ಟಿದ್ದರು. ಚುಂಚನಕಟ್ಟೆ ಬಂತು, ಸರಗೂರು ಬಂತು. ನಡುವೆ ಒಮ್ಮೆ ಎಲ್ಲ ನಿಂತುಬಿಟ್ಟಿತು. ಮಾವ ಫ್ಯಾನನ್ನು ಇನ್ನಷ್ಟು ಹತ್ತಿರ ಎಳೆದರು. ಡಿಸ್ಕು ಟಿಕ್ ಟಿಕ್ ಎಂದಿತು, ಮತ್ತೆ ಹೊರಟಿತು. ನನ್ನ ಮದುವೆಯಾದ ಹನಗೋಡು ದಾಟಿದ ಮೇಲೆ ನಾನು ಎದ್ದು ಅನ್ನಕ್ಕೆ ಇಟ್ಟೆ.

ಊಟದ ಹೊತ್ತಿಗೆ ಕೆಲಸ ಮುಗಿಯಿತು. ಮಾವ ನನ್ನನ್ನು ಕರೆದು, "ಮೊದಲು ನಿಮ್ಮವ್ವಂದೇ ಹಾಕ್ತೀನಿ ಕಣಮ್ಮ," ಎಂದರು.

ಇಷ್ಟು ವರ್ಷ ನಾನು ಕೇಳಿದ್ದು ಹಳೆಯ ಕಂಪ್ಯೂಟರಿನಿಂದ ಸ್ಪೀಕರುಗಳಿಗೂ ಬರುತ್ತಿದ್ದ ಗೊರಗೊರದ ಹಿಂದಿನ ದನಿ. ಈಗ ಆ ಗೊರಗೊರ ಇರಲಿಲ್ಲ. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಅವ್ವ ಉಸಿರೆಳೆದುಕೊಳ್ಳುವುದು ಕೇಳಿಸಿತು. ಬಳೆ ಸದ್ದು ಕೇಳಿಸಿತು. ಅವಳ ಪಕ್ಕದಲ್ಲೇ ಯಾರೋ ಮೂಗು ಸೇದಿದರು. ಅದು ನಾನೇ, ಹಸೆಯ ಮೇಲೆ ಕೂತು ಅಳುತ್ತಿದ್ದವಳು. ಮಾವ ಕೈ ಮುಗಿದುಕೊಂಡು ಕೂತಿದ್ದರು.

ಮುಂದಿನ ವಾರ ಅವ್ವ ಬಸ್ಸಿನಲ್ಲಿ ಬಂದಳು. ಆಪರೇಶನ್ ಆದಮೇಲೆ ತನ್ನ ಪದವನ್ನು ಅವಳು ಕೇಳಿರಲಿಲ್ಲ. ಕೇಳಿಸಬಾರದೇನೋ ಎಂದು ನನಗೆ ಅಳುಕಿತ್ತು. ಅವಳು ಸ್ಪೀಕರಿನ ಕೆಳಗೆ ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ, ತುಟಿ ಆಡಿಸುತ್ತ ಕೇಳಿದಳು. ಪದ ಮುಗಿದಾಗ ನನ್ನ ಸೆರಗು ಜಗ್ಗಿ ಹತ್ತಿರ ಎಳೆದುಕೊಂಡಳು.

"ಕೊನೇಲಿ ಒಂದು ನುಡಿ ಬುಟ್ಬುಟ್ಟಿವ್ನಿ ಕಣವ್ವ. ನಿನ್ನ ಕಳುಸ್ಬೇಕಲ್ಲ ಅಂತ ಅವತ್ತು ಗಂಟ್ಲು ಕಟ್ಕಂತು."

"ಯಾವ ನುಡಿಯವ್ವ?"

ಅವಳು ಪಿಸುದನಿಯಲ್ಲಿ ಹೇಳಿದಳು. ಹೊಸ್ತಿಲು ದಾಟುವ ಮಗಳಿಗೆ, ಹಿಂದೆ ತಿರುಗಿ ನೋಡಿದರೂ ತಪ್ಪಿಲ್ಲ ಎಂದು ತಾಯಿ ಹೇಳುವ ನುಡಿ. ನಾನು ಅದನ್ನು ಎಂದೂ ಕೇಳಿರಲಿಲ್ಲ.

ನಾನು ಮಾವನಿಗೆ ವಿಷಯ ಹೇಳಿದೆ. ಅವರು ಅಂಗಡಿ ಕಾಲದ ಮೈಕ್ ಒಂದನ್ನು ಒರೆಸಿ ತಂದು ಹೊಸ ಕಂಪ್ಯೂಟರಿಗೆ ಸಿಕ್ಕಿಸಿದರು. "ಅಕ್ಕ, ನೀವು ಯೋಳ್ಕೊಡಿ. ಮಗಳು ಯೋಳ್ಲಿ," ಎಂದರು.

"ನಂಗೆ ರಾಗ ಬರಲ್ಲ ಮಾವ."

ಅವ್ವ ನನ್ನ ಮೊಣಕಾಲು ತಟ್ಟಿದಳು. "ಬತ್ತದೆ ಯೋಳು."

ಅವಳು ಒಂದು ಸಾಲು ಪಿಸುಗುಟ್ಟಿದಳು, ನಾನು ಅದನ್ನು ಎತ್ತಿ ಹೇಳಿದೆ. ಎರಡನೆಯ ಸಾಲಿಗೆ ಹೆದರಿಕೆ ಹೋಯಿತು. ಮಾವ ತುಂಬಿಸಿಕೊಂಡಿದ್ದನ್ನು ಸ್ಪೀಕರಿಗೆ ಹಾಕಿದಾಗ ಕೊಟ್ಟಿಗೆಯಲ್ಲಿದ್ದ ನನ್ನ ಗಂಡ ಹುಲ್ಲಿನ ಹೊರೆ ಹಿಡಿದುಕೊಂಡೇ ಒಳಗೆ ಬಂದು, "ಇದ್ಯಾರು ಯೋಳಿದ್ದು?" ಎಂದು ಕೇಳಿದರು. ಅವ್ವ ನನ್ನ ಕಡೆ ಕೈ ತೋರಿಸಿದಳು. ನನ್ನ ಗಂಟಲಲ್ಲಿ ಅಂಥ ದನಿಯೊಂದು ಇಷ್ಟು ವರ್ಷ ಇತ್ತೆಂದು ನನಗೂ ಗೊತ್ತಿರಲಿಲ್ಲ.