ವಿಳಾಸ ಸಮೇತ ಪ್ರಾರ್ಥನೆ

ನಮ್ಮ ಅತ್ತೆ ದೇವರ ಜೊತೆ ಮಾತಾಡುವಾಗ ಬೀದಿ, ಗೇಟಿನ ಬಣ್ಣ, ಪಕ್ಕದ ಗುರುತು ಎಲ್ಲವನ್ನೂ ಸೇರಿಸಿ ಹೇಳುತ್ತಾರೆ. ಇದು ಭಕ್ತಿಯಿಂದ ಬಂದದ್ದಲ್ಲ, ನೌಕರಿಯಿಂದ ಬಂದದ್ದು. ಮದುವೆಗೆ ಮುಂಚಿನಿಂದ ನಿವೃತ್ತಿಯವರೆಗೂ ಅವರು ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ನಿಂತು ಕಾಗದಗಳನ್ನು ಬೀದಿವಾರು ಗೂಡುಗಳಿಗೆ ಹಾಕುತ್ತಿದ್ದವರು. ಅರ್ಧಂಬರ್ಧ ವಿಳಾಸದ ಕಾಗದಕ್ಕೆ ಎಂಥ ಗತಿ ಬರುತ್ತದೆ ಎಂದು ಕಣ್ಣಾರೆ ಕಂಡವರು. ಹಾಗಾಗಿ ಚರ್ಚಿನ ಸ್ತ್ರೀ ಸಂಘದ ಶುಕ್ರವಾರದ ಕೂಟದಲ್ಲಿ ಬೇರೆ ಹೆಂಗಸರು "ಕರ್ತನೇ, ರೋಗಿಗಳನ್ನು ಸ್ವಸ್ಥ ಮಾಡು" ಎಂದು ಮುಗಿಸಿದರೆ ಇವರಿಗೆ ಸಮಾಧಾನವಿಲ್ಲ.

"ಯಾವ ರೋಗಿ ಅಂತ ಹೇಳಬೇಡ್ವೇನ್ರೇ? ಊರಲ್ಲಿ ರೋಗಿಗಳಿಗೇನು ಬರವಾ?"

ಆಮೇಲೆ ತಾವೇ ಶುರು ಮಾಡುತ್ತಾರೆ. "ತಂದೆಯೇ, ನೀರಿನ ಟ್ಯಾಂಕಿನ ಎದುರು ಸಾಲು, ಹಸಿರು ಗೇಟು, ಮೆಟ್ಟಿಲು ಹತ್ತಿದ ಮೇಲೆ ಎಡಗಡೆ ಬಾಗಿಲು. ಬೆಲ್ಲು ಕೆಟ್ಟಿದೆ, ಕದ ತಟ್ಟಬೇಕು. ಒಳಗೆ ಮಲಗಿರೋ ದರ್ಜಿಯ ತಾಯಿಯ ಮೊಣಕಾಲನ್ನು ಮುಟ್ಟು. ಬಲಗಾಲು."

ನನಗೊಮ್ಮೆ ಕೂರಲಾಗದಂಥ ಜಾಗದಲ್ಲಿ ಒಂದು ಕಾಯಿಲೆ ಬಂದಿತ್ತು. ಅದರ ವಿಳಾಸವನ್ನೂ ಅವರು ಅಷ್ಟೇ ನಿಖರವಾಗಿ ಹೇಳಿದರು. ಕಾಯಿಲೆ ಬೇಗ ವಾಸಿಯಾಯಿತು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಅದಾಗಿ ಎಷ್ಟೋ ವಾರ ಸಂಘದ ಹೆಂಗಸರು ನನ್ನನ್ನು ಕಂಡ ಕೂಡಲೇ ಕುರ್ಚಿ ಕೊಡುವುದೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಇಂಥ ನಾಲಿಗೆಯ ಅತ್ತೆ ಒಂದು ಮಧ್ಯಾಹ್ನ ಬರಿಗಾಲಿನ ಹುಡುಗಿಯೊಬ್ಬಳನ್ನು ಕೈಹಿಡಿದು ಕರೆತಂದು ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಚ್ಚಿಟ್ಟರು.

ಸಂಘದವರು ಆ ವರ್ಷ ತುಂಡು ಬಟ್ಟೆ ಸೇರಿಸಿ ಆಸ್ಪತ್ರೆಗೆ ಹೊದಿಕೆ ಹೊಲಿಯುತ್ತಿದ್ದರು. ಹೊಲಿಗೆ ಕಲಿಯಲು ಬರುತ್ತಿದ್ದವರಲ್ಲಿ ಈ ಹುಡುಗಿಯೂ ಒಬ್ಬಳು. ಕಲಿಯುವಾಗ ಸೂಜಿ ಚುಚ್ಚಿಕೊಳ್ಳುವುದು ಎಲ್ಲರಿಗೂ ಇದ್ದದ್ದೇ, ಆದರೆ ಇವಳ ಮೊಣಕೈ ಮೇಲೆ ಇದ್ದದ್ದು ಸೂಜಿಯ ಗಾಯವಲ್ಲ. ಅದನ್ನು ಅತ್ತೆ ನೋಡಿದ್ದರು. ನೋಡಿ, ಅವಳ ಮನೆಗೂ ಒಮ್ಮೆ ಹೋಗಿ ಬಂದಿದ್ದರು. ಅಲ್ಲಿ ಏನು ಕಂಡರೋ, ಆವತ್ತು ಊಟ ಬೇಡವೆಂದು ಮಲಗಿಬಿಟ್ಟರು.

ಅವಳ ಗಂಡ ಕಬ್ಬಿಣದ ಗ್ರಿಲ್ ಮಾಡುವವನು. ನಯವಾದ ಮಾತು, ಇಸ್ತ್ರಿ ಹಾಕಿದ ಅಂಗಿ. ನಮ್ಮ ದೇವಾಲಯದ ಗೇಟನ್ನು ಕೂಲಿ ತೆಗೆದುಕೊಳ್ಳದೆ ಮಾಡಿಕೊಟ್ಟಿದ್ದ. ಅಂಥವನ ಮೇಲೆ ದೂರು ಹೇಳಿದರೆ ಕೇಳುವವರಾರು? ಹುಡುಗಿ ಪೊಲೀಸ್ ಠಾಣೆಗೆ ಹೋದಾಗ "ಗಂಡ ಹೆಂಡತಿ ವಿಷಯ, ಕೂತು ಮಾತಾಡಿಕೊಳ್ಳಿ" ಎಂದು ಕಳಿಸಿದರಂತೆ. ನಮ್ಮ ಮನೆಯ ಕಿಟಕಿಗಳ ಗ್ರಿಲ್ಲೂ ಅವನದೇ ಕೆಲಸ. ಅವು ಎಷ್ಟು ಗಟ್ಟಿ ಎಂಬುದು ನಮಗಿಂತ ಅವನಿಗೇ ಚೆನ್ನಾಗಿ ಗೊತ್ತು ಎಂಬ ಯೋಚನೆ ಬಂದಾಗಲೆಲ್ಲ ನಾನು ಎದ್ದು ಹೋಗಿ ಕಿಟಕಿಗಳ ಚಿಲಕ ಮತ್ತೊಮ್ಮೆ ನೋಡಿ ಬರುತ್ತಿದ್ದೆ.

ಸಂಘದ ಅಧ್ಯಕ್ಷೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಊರೆಲ್ಲ ಅವರನ್ನು ಮಿಸ್ ಎಂದೇ ಕರೆಯುತ್ತದೆ. ಅವರು ದೂರದ ಊರಿನ ಹಾಸ್ಟೆಲ್ಲೊಂದರಲ್ಲಿ ಹುಡುಗಿಗೆ ಹೊಲಿಗೆ ಕೆಲಸ ಗೊತ್ತು ಮಾಡಿದರು. ಜಾಗ ಖಾಲಿಯಾಗುವ ತನಕ ಕಾಯಬೇಕಿತ್ತು. ಅಲ್ಲಿಯವರೆಗೆ ಗುಟ್ಟು ಕಾಪಾಡಬೇಕೆಂದು ನಮ್ಮ ನಡುಮನೆಯಲ್ಲಿ ಕೂತು ಅತ್ತೆಗೆ ತಾಕೀತು ಮಾಡಿದರು.

"ಅಕ್ಕಾ, ಅವಳು ಹೊರಡೋ ತನಕ ಅವಳ ವಿಷಯ ನಿಮ್ಮ ಪ್ರಾರ್ಥನೇಲಿ ಬರಕೂಡದು."

"ಹಾಗಾದ್ರೆ ಅವಳನ್ನ ಯಾರು ನೋಡ್ಕೋತಾರೆ?"

"ಎಲ್ಲಾ ದೇವರಿಗೆ ಗೊತ್ತಿರುತ್ತೆ ಅಕ್ಕಾ."

"ಎಲ್ಲಾ ಗೊತ್ತಿದ್ರೆ ನಾವು ಇಷ್ಟು ವರ್ಷ ಕೂಗಿಕೊಂಡಿದ್ದು ಯಾಕೆ, ಮಿಸ್?"

ಕಡೆಗೆ ನನ್ನ ಹೆಂಡತಿಯನ್ನು ಕೂಟದಲ್ಲಿ ಅವಳ ತಾಯಿಯ ಪಕ್ಕದಲ್ಲೇ ಕೂರಿಸುವುದು, ಮಾತು ಜಾರಿದರೆ ಅವಳು ಕೆಮ್ಮುವುದು ಎಂದು ತೀರ್ಮಾನವಾಯಿತು.

ನನ್ನ ಹೆಂಡತಿ ಅಷ್ಟು ಕೆಮ್ಮಿದ ವರ್ಷ ಇನ್ನೊಂದಿಲ್ಲ. ಒಂದು ಶುಕ್ರವಾರ ಅತ್ತೆ ಕಣ್ಣುಮುಚ್ಚಿ "ತಂದೆಯೇ, ನಮ್ಮ ಮನೆಯ ಮೇಲಿನ..." ಎಂದು ಶುರು ಮಾಡಿದರು. ಕೆಮ್ಮು ಬಂತು. ಅತ್ತೆ ಒಂದು ಉಸಿರು ನುಂಗಿ, "...ಆಕಾಶದಲ್ಲಿರುವ ತಂದೆಯೇ" ಎಂದು ದಡ ಸೇರಿದರು. ಮುಂದಿನ ವಾರ ಒಬ್ಬರು ಮರುಕಪಟ್ಟು ಕೆಮ್ಮಿನ ಔಷಧಿ ತಂದುಕೊಟ್ಟರು. ಸಂಘದ ದಾನಧರ್ಮಕ್ಕೆ ಆ ವರ್ಷ ನಮ್ಮ ಮನೆಯೂ ಪಾತ್ರವಾಯಿತು.

ನಗುವುದಕ್ಕೆ ಈಗ ಸುಲಭ. ಆಗ ನಾನು ಆಫೀಸಿನಿಂದ ಬಂದವನು ಚಪ್ಪಲಿ ಬಿಡುವ ಮೊದಲು ಬೀದಿಯ ಎರಡೂ ಕಡೆ ನೋಡುತ್ತಿದ್ದೆ. ಒಂದು ಸಂಜೆ ನೋಡಿದಾಗ ಹುಡುಗಿಯ ಗಂಡ ಗೇಟಿನ ಹತ್ತಿರವೇ ನಿಂತಿದ್ದ.

"ಸಾರ್, ನಿಮ್ಮ ಮೇಲಿನ ಕಿಟಕಿ ಗ್ರಿಲ್ಲು ತುಕ್ಕು ಹಿಡಿದಿರಬೇಕು. ಒಂದ್ಸಲ ನೋಡಲಾ?"

"ಬೇಡಪ್ಪ, ಚೆನ್ನಾಗಿದೆ," ಎಂದೆ. ಅಂದದ್ದು ನನ್ನ ದನಿಯೇ ಎಂದು ನನಗೇ ಅನುಮಾನ ಬಂತು.

ಅದೇ ಹೊತ್ತಿಗೆ ಮೇಲೆ ಹುಡುಗಿ ಓಡಿಸುತ್ತಿದ್ದ ಹೊಲಿಗೆ ಯಂತ್ರ ತಟ್ಟನೆ ನಿಂತಿತು. ಅವನು ತಲೆ ಎತ್ತಿದ.

"ಮೇಲೆ ಏನ್ಸಾರ್ ಸದ್ದು?"

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ, ಅದೇ ನನ್ನ ಭಯ.

"ಹೊಲಿಗೆ ಮಿಷನ್ನು ಕಣಪ್ಪ, ಸಂಘದ್ದು. ಆಸ್ಪತ್ರೆಗೆ ಹೊದಿಕೆ ಹೊಲೀತಾ ಇದೀವಿ. ನೀನೂ ಒಂದಷ್ಟು ಬಟ್ಟೆ ಕೊಡ್ತೀಯಾ?"

"ಕೊಡ್ತೀನಿ ಆಂಟಿ," ಎಂದು ನಕ್ಕು ಹೋದ. ಬೀದಿ ತಿರುಗುವ ಮುನ್ನ ಮತ್ತೊಮ್ಮೆ ಮೇಲೆ ನೋಡಿದ.

ಹಾಸ್ಟೆಲ್ಲಿನಿಂದ ಮಿಸ್ಸಿಗೆ ಕರೆ ಬಂತು. ಸೋಮವಾರ ಬೆಳಿಗ್ಗೆ ಹುಡುಗಿ ಹೊರಡಬೇಕೆಂದಾಯಿತು. ಅದರ ಹಿಂದಿನ ದಿನವೇ ಸಂಘದ ವಾರ್ಷಿಕ ಕೃತಜ್ಞತಾ ಆರಾಧನೆ. ಹೆಂಡತಿ ಹುಡುಗಿಗೆ ಜೊತೆಯಾಗಿ ಮನೆಯಲ್ಲಿ ಉಳಿದಳು. ನಾನು ಅತ್ತೆಯನ್ನು ಕರೆದುಕೊಂಡು ಹೋಗಿ ಕೊನೆಯ ಬೆಂಚಿನ ತುದಿಯಲ್ಲಿ ಕೂತೆ. ಉಪದೇಶ ಉದ್ದವಾದರೆ ಎದ್ದು ಹೋಗಲು ಅನುಕೂಲವೆಂದು ಅದು ನನ್ನ ಖಾಯಂ ಜಾಗ.

ಮೊದಲ ಹಾಡು ಮುಗಿಯುವಷ್ಟರಲ್ಲಿ ಭುಜದ ಹತ್ತಿರ ದನಿ ಕೇಳಿತು. "ಸಾರ್, ಸ್ವಲ್ಪ ಕಾಲು ತೆಗೀರಿ." ಗ್ರಿಲ್ಲಿನವನು. ತಿಂಗಳುಗಟ್ಟಲೆ ದೇವಾಲಯದ ಕಡೆ ತಲೆ ಹಾಕದಿದ್ದವನು ನನ್ನನ್ನು ದಾಟಿ ಒಳಗೆ ಗೋಡೆಯ ಬದಿಗೆ ಕೂತ. ಕೂತವನೇ ನನ್ನ ಕಿವಿಗೆ ಬಾಗಿದ. "ಇದು ಮುಗಿದ ಮೇಲೆ ನಿಮ್ಮ ಮನೆಗೇ ಬರ್ತೀನಿ ಸಾರ್. ಆ ಮೇಲಿನ ಗ್ರಿಲ್ಲು ಇವತ್ತು ನೋಡೇ ಬಿಡೋಣ."

ಮುಂದೆ ಮಿಸ್ ವರ್ಷದ ವರದಿ ಓದುತ್ತಿದ್ದರು. ಹೊದಿಕೆಗಳು, ಹೆರಿಗೆ ವಾರ್ಡಿಗೆ ಕೊಟ್ಟ ಟವೆಲ್ಲು, ಜೈಲಿನ ಹೆಂಗಸರ ಭೇಟಿ. ಓದುತ್ತ ತಲೆ ಎತ್ತಿ ನನ್ನ ಮುಖ ನೋಡಿದರು. ಮಕ್ಕಳ ಮುಖ ನೋಡಿ ಯಾರ ಜೇಬಿನಲ್ಲಿ ಏನಿದೆ ಎಂದು ಹೇಳುತ್ತಿದ್ದವರು ಅವರು. ನನ್ನ ಪಕ್ಕದವನನ್ನೂ ನೋಡಿದರು. ಉಳಿದ ಪುಟವನ್ನು ಬೇಗಬೇಗ ಓದಿ ಮುಗಿಸಿದರು.

ವರದಿ ಮುಗಿದ ಮೇಲೆ ಪ್ರಾರ್ಥನೆಯ ವಿನಂತಿ ಕೇಳುವುದು ಪದ್ಧತಿ. ಯಾರು ಕೇಳಿದರೂ ಸಂಘ ಇಲ್ಲವೆನ್ನುವಂತಿಲ್ಲ. ಗ್ರಿಲ್ಲಿನವನು ಎದ್ದು ನಿಂತ.

"ನನ್ನ ಹೆಂಡತಿ ಮನೆ ಬಿಟ್ಟು ಹೋಗಿದಾಳೆ. ಎಲ್ಲಿದಾಳೋ, ಹೇಗಿದಾಳೋ..." ಎಂದು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಹಿರಿಯರೊಬ್ಬರು ಲೊಚಗುಟ್ಟಿದರು. "ಅವಳಿಗೋಸ್ಕರ ಅಂಚೆ ಆಫೀಸಿನ ಆಂಟೀನೇ ಪ್ರಾರ್ಥನೆ ಮಾಡಬೇಕು. ಅವರು ಮಾಡಿದ್ರೆ ಸರಿಯಾದ ಜಾಗಕ್ಕೆ ತಲುಪುತ್ತೆ."

ಬೋನು ಹೀಗೆ ತಯಾರಾಗಿತ್ತು. ಅತ್ತೆ ಇಲ್ಲವೆನ್ನುವಂತಿಲ್ಲ, ಪ್ರಾರ್ಥನೆಯಲ್ಲಿ ಸುಳ್ಳು ಹೇಳುವವರಲ್ಲ, ವಿಳಾಸವಿಲ್ಲದೆ ಪ್ರಾರ್ಥಿಸಿದ ದಾಖಲೆಯೇ ಇಲ್ಲ. ಕೆಮ್ಮುವವಳು ಮನೆಯಲ್ಲಿದ್ದಳು. ನಾನೇ ಕೆಮ್ಮೋಣವೆಂದರೆ ಗಂಟಲಿನಿಂದ ಗಾಳಿ ಮಾತ್ರ ಬಂತು.

ಅತ್ತೆ ಎದ್ದು ಮುಂದೆ ಹೋಗಿ ಸಭೆಗೆ ಮುಖ ಮಾಡಿ ನಿಂತರು. ಎಲ್ಲರೂ ಕಣ್ಣುಮುಚ್ಚಿ ತಲೆ ಬಗ್ಗಿಸಿದರು. ನಾನು ಮುಚ್ಚಲಿಲ್ಲ, ಪಕ್ಕದವನೂ ಮುಚ್ಚಲಿಲ್ಲ. ಮಿಸ್ ಸದ್ದಿಲ್ಲದೆ ಎದ್ದು ಪಕ್ಕದ ಬಾಗಿಲಿನಿಂದ ಜಾರಿದ್ದು ಕಂಡಿತು. ಅಂಗಳದಲ್ಲಿ ಚಹಾದ ಪಾತ್ರೆ ತಂದ ವ್ಯಾನು ನಿಂತಿತ್ತು. ಅತ್ತೆಯ ಕಣ್ಣೂ ಆ ಬಾಗಿಲಿನ ಕಡೆ ಹೋಗಿ ಬಂತು. ಆಮೇಲೆ ರೆಪ್ಪೆ ಮುಚ್ಚಿದರು.

"ತಂದೆಯೇ, ರೈಲ್ವೆ ಗೇಟಿನಿಂದ ಶುರು ಮಾಡ್ತೀನಿ."

ರೈಲ್ವೆ ಗೇಟು ಊರಿನ ಆ ತುದಿ. ಅಲ್ಲಿ ಗೇಟು ಕಾಯುವವನ ಮಗಳ ಕಿವಿನೋವು. ಅದರ ಪಕ್ಕ, ಹಂಚಿನ ಮನೆ, ಬಾವಿ ಇರುವ ಕಡೆ, ಕೆಲಸ ಕಳೆದುಕೊಂಡ ಚಾಲಕ. ಎದುರು ಸಾಲು, ಮಹಡಿ ಮನೆ... ಮಹಡಿ ಎಂದಾಗ ಗ್ರಿಲ್ಲಿನವನು ಮುಂದಕ್ಕೆ ಬಾಗಿದ. ಮಹಡಿಯಲ್ಲಿ ಇದ್ದದ್ದು ಕಣ್ಣಿನ ಪೊರೆ ತೆಗೆಸಿಕೊಂಡ ಮುದುಕ. ಗ್ರಿಲ್ಲಿನವನು ಹಿಂದಕ್ಕೆ ಒರಗಿದ.

ಅಂಚೆ ಕಾಗದ ವಿಂಗಡಿಸುವ ಕ್ರಮದಲ್ಲೇ ಅತ್ತೆ ಬೀದಿ ಬೀದಿ ಮುಗಿಸುತ್ತ ಬಂದರು. ಕಣ್ಣುಮುಚ್ಚಿದವರು ಒಬ್ಬೊಬ್ಬರಾಗಿ ನಿಟ್ಟುಸಿರಿಟ್ಟರು. ಯಾವುದೋ ಮಗು ಅತ್ತು, ಬೈಸಿಕೊಂಡು, ನಿದ್ದೆಹೋಯಿತು. ಸಭಾಪಾಲಕರು ಕೈಗಡಿಯಾರವನ್ನು ಕಳ್ಳತನದಿಂದ ನೋಡಿಕೊಂಡರು. ಎದ್ದು ಹೋಗುತ್ತಾನೆಂದು ನಾನು ಹೆದರಿದ್ದ ಗ್ರಿಲ್ಲಿನವನು ಮಾತ್ರ ಎದ್ದು ಹೋಗಲಿಲ್ಲ. ಮುಂದಿನ ವಿಳಾಸವೇ ಅವಳದಿರಬಹುದು! ಮಾರುಕಟ್ಟೆ ಕಳೆಯಿತು, ಶಾಲೆಯ ಹಿಂಬದಿ ಕಳೆಯಿತು. ಅತ್ತೆ ನಮ್ಮ ಬೀದಿಯ ಕಡೆಗೇ ಬರುತ್ತಿದ್ದರು. ಇದನ್ನೆಲ್ಲ ಅವರು ಬೇಕೆಂದು ಮಾಡುತ್ತಿದ್ದಾರೋ ಅಥವಾ ಅಭ್ಯಾಸಬಲದಿಂದ ನಮ್ಮ ಬಾಗಿಲಿಗೇ ತಂದು ನಿಲ್ಲಿಸುತ್ತಾರೋ ತಿಳಿಯದೆ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಹೊರಗೆ ಪಾತ್ರೆ ಇಳಿಸುವ ಸದ್ದು ನಿಂತು ವ್ಯಾನು ಹೊರಟ ಸದ್ದಾಯಿತು. ಗ್ರಿಲ್ಲಿನವನು ಕತ್ತು ತಿರುಗಿಸಿದ.

"ಈಗ ಈ ಮಗನ ಹೆಂಡತಿ ವಿಷಯಕ್ಕೆ ಬಂದೆ, ತಂದೆಯೇ," ಎಂದು ಅತ್ತೆ ದನಿ ಏರಿಸಿದರು. ಅವನ ಕತ್ತು ತಟ್ಟನೆ ಮುಂದಕ್ಕೆ ಬಂತು.

ವಿಷಯಕ್ಕೆ ಬಂದರು, ಆದರೆ ಹುಡುಗಿ ಹುಟ್ಟಿದ ಮನೆಯಿಂದ. ಸತ್ತ ತಾಯಿ, ಓದು ಬಿಡಿಸಿದ ಚಿಕ್ಕಪ್ಪ, ಮದುವೆ. ಆಮೇಲೆ ನಿಧಾನವಾಗಿ ನಮ್ಮ ಬೀದಿ, ಮೊದಲ ಮನೆ, ಎರಡನೆಯದು. "ಅದರ ಪಕ್ಕ ನಮ್ಮ ಮನೆ, ತಂದೆಯೇ. ಕೆಳಗಡೆ ನನ್ನ ಅಳಿಯಂದಿರು. ಒಳ್ಳೆಯವರು, ಆದರೆ ಪುಕ್ಕಲು. ಅವರಿಗೆ ಒಂದಿಷ್ಟು ಧೈರ್ಯ ಕೊಡು. ಮೇಲಿನ ಕೋಣೆ..."

ಗ್ರಿಲ್ಲಿನವನು ಎದ್ದ. "ಕಾಲು ತೆಗೀರಿ ಸಾರ್."

ನಾನು ತೆಗೆಯಲಿಲ್ಲ. ಇದನ್ನು ಸಾಹಸವೆಂದು ಹೇಳಿಕೊಂಡು ತಿರುಗಬಹುದಿತ್ತು. ನಿಜವೇನೆಂದರೆ ಅಷ್ಟು ಹೊತ್ತು ಕೂತು ಎರಡೂ ಕಾಲು ಜೋಮು ಹಿಡಿದಿದ್ದವು, ಭಯಕ್ಕೆ ಸೊಂಟವೂ ಕೈಕೊಟ್ಟಿತ್ತು. ಅವನು ತಳ್ಳಿದ. ನಾನು ಮೂಟೆಯ ಹಾಗೆ ಅಲ್ಲೇ ಇದ್ದೆ. ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ನನ್ನ ಹೆಂಡತಿ ಏದುಸಿರು ಬಿಡುತ್ತ ಒಳಗೆ ಬಂದು ತಾಯಿಯ ಎದುರಿನ ಬೆಂಚಿನಲ್ಲಿ ಕೂತಳು. ಅತ್ತೆ ಕಣ್ಣು ತೆರೆದು ಮಗಳನ್ನು ನೋಡಿದರು. ಮಗಳು ತಲೆಯಾಡಿಸಿದಳು.

"ಮೇಲಿನ ಕೋಣೆ ಈಗ ಖಾಲಿ, ತಂದೆಯೇ. ಇಷ್ಟು ದಿನ ಅವಳು ಅಲ್ಲಿದ್ದಳು. ನಾನೇ ಇಟ್ಟುಕೊಂಡಿದ್ದೆ."

ತಲೆಗಳು ಮೇಲೆದ್ದವು.

"ಕೊನೆಗೆ ಇನ್ನೊಂದು ವಿಳಾಸ. ಕಬ್ಬಿಣದ ಅಂಗಡಿ ಹಿಂಭಾಗ, ಕೆಂಪು ಬಾಗಿಲು. ಆ ಮನೆ ಅಡುಗೆಕೋಣೆಗೆ ಚಿಲಕ ಹೊರಗಡೆ ಇದೆ. ಒಳಗಡೆ ಇಲ್ಲ. ಕಿಟಕಿಗೆ ತಗಡು ಇಟ್ಟು ಬೆಸುಗೆ ಹಾಕಿದೆ. ನಾನು ಕೈಯಿಂದ ಮುಟ್ಟಿ ನೋಡಿ ಬಂದಿದೀನಿ. ಅಲ್ಲೀಗ ಒಬ್ಬನೇ ಇದಾನೆ. ಅವನನ್ನ ನೀನೇ ನೋಡ್ಕೋ. ಆಮೆನ್."

ಆಮೆನ್ ಎಂದು ಯಾರೂ ಹೇಳಲಿಲ್ಲ. ಎಲ್ಲರೂ ಹಿಂದಕ್ಕೆ ತಿರುಗಿ ಅವನನ್ನೇ ನೋಡಿದರು. ಅವನು ಬೆಂಚು ಹತ್ತಿ ನನ್ನ ತಲೆಯ ಮೇಲಿನಿಂದ ದಾಟಿ ಓಡಿದ.

ನಮ್ಮ ಮನೆಯ ಬೀಗ ಒಡೆದು ಮೇಲಿನ ತನಕ ಹೋಗಿ ನೋಡಿದ್ದಾನೆ. ಅಷ್ಟರಲ್ಲಿ ಮಿಸ್ ಆ ಚಹಾದ ವ್ಯಾನಿನಲ್ಲೇ ಹುಡುಗಿಯನ್ನು ಕೂರಿಸಿಕೊಂಡು ಊರು ದಾಟಿದ್ದರು. ಚಹಾ ಕೊಡುವ ಹೊತ್ತಿಗೆ ಮತ್ತೆ ಅಂಗಳಕ್ಕೆ ಬಂದು ಅತ್ತೆಯ ಮುಂದೆ ನಿಂತ. "ಎಲ್ಲಿಗೆ ಕಳಿಸಿದ್ರಿ?"

"ನನಗೆ ಗೊತ್ತಿಲ್ಲ ಮಗಾ."

ಅದು ನಿಜವಿತ್ತು. ಯಾವ ಊರು ಎಂದು ಮಿಸ್ ಅತ್ತೆಗೆ ಹೇಳಿರಲೇ ಇಲ್ಲ. ಹೊಲಿಗೆ ಕಲಿಯುವ ಹೆಂಗಸರು ಲೋಟ ಹಿಡಿದುಕೊಂಡೇ ಬಂದು ಅತ್ತೆಯ ಸುತ್ತ ನಿಂತರು. ಲೊಚಗುಟ್ಟಿದ್ದ ಹಿರಿಯರೂ ಬಂದು ನಿಂತು, "ಇನ್ನು ಹೊರಡಪ್ಪ," ಎಂದರು. ಅವನು ಹೋದ. ಆಮೇಲೂ ಎಷ್ಟೋ ಸಂಜೆ ನಮ್ಮ ಎದುರು ಬಂದು ನಿಲ್ಲುತ್ತಿದ್ದ, ನಾವು ಬಾಗಿಲು ಹಾಕಿಕೊಂಡೇ ಇರುತ್ತಿದ್ದೆವು. ಅವನಿಗೆ ಕೆಲಸ ಕೊಡುವವರು ಕಡಿಮೆಯಾದ ಮೇಲೆ ಊರು ಬಿಟ್ಟನೆಂದು ಕೇಳಿದೆ. ಯಾವ ಕಡೆಗೆ ಹೋದನೋ ತಿಳಿಯದು, ಹಾಗಾಗಿ ನಮ್ಮ ಹೆದರಿಕೆ ಪೂರ್ತಿ ಹೋಗಿಲ್ಲ.

ಹುಡುಗಿ ಹಾಸ್ಟೆಲ್ ಸೇರಿದ ರಾತ್ರಿ ಫೋನ್ ಬಂದಾಗ ಹೆಂಡತಿ, "ಅಮ್ಮಾ, ಅವಳು ಎಲ್ಲಿದಾಳೆ ಗೊತ್ತಾ..." ಎಂದು ಶುರು ಮಾಡಿದ್ದಳು. ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು.

"ಹೇಳ್ಬೇಡ ಕಣೇ. ಗೊತ್ತಾದ್ರೆ ಶುಕ್ರವಾರ ಹೇಳಿಬಿಡ್ತೀನಿ."

ಈಗಲೂ ಅವಳ ಫೋನ್ ಬಂದರೆ ಅತ್ತೆ ಕೂಡಲೇ ಎದ್ದು ಗೇಟಿನ ಹತ್ತಿರ ಹೋಗಿ, ಬೀದಿಯ ಕಡೆ ಮುಖ ಮಾಡಿ ನಿಂತುಬಿಡುತ್ತಾರೆ. ಮಾತು ಮುಗಿದಿದೆಯೆಂದು ಖಾತ್ರಿಯಾದ ಮೇಲೆ ಅಲ್ಲಿಂದಲೇ ಕೂಗಿ ಕೇಳುತ್ತಾರೆ:

"ಊಟ ಮಾಡಿದ್ಲಂತಾ?"