ಅತ್ತೆಯ ಎದೆಯ ಗೂಟ

ಎಡಗಡೆಯ ಕೊರಳೆಲುಬಿನ ಕೆಳಗೆ, ಚರ್ಮದೊಳಗೆ ಬೆಂಕಿಪೊಟ್ಟಣ ಹುದುಗಿಸಿಟ್ಟಂತೆ ಒಂದು ಉಬ್ಬು. ಅದು ನನ್ನ ಸೋದರತ್ತೆಯ ಪೇಸ್‌ಮೇಕರ್. ಮಾತಾಡಿಸಲು ಬಂದವರ ಬೆರಳು ಹಿಡಿದು ಅದರ ಮೇಲೆ ಇಡಿಸುತ್ತಿದ್ದಳು. ಅವರು ಬೆಚ್ಚಿದರೆ ಅವಳಿಗೆ ಎಲ್ಲಿಲ್ಲದ ಖುಷಿ.

ಹರಪನಹಳ್ಳಿ ಕಡೆಯ ನಮ್ಮೂರಲ್ಲಿ ಅವಳಿಗೆ ಭಾರಿ ಮರ್ಯಾದೆ. ಹುಣ್ಣಿಮೆಗೊಮ್ಮೆ ದೇವಿ ಉಚ್ಚಂಗೆಮ್ಮ, ಊರವರ ಬಾಯಲ್ಲಿ ಅವ್ವ, ಅವಳ ಮೈಮೇಲೆ ಬರುತ್ತಿದ್ದಳು. ಮಕ್ಕಳಾಗದವರು, ಕುರಿ ಕಳೆದುಕೊಂಡವರು ಕೂಡ್ಲಿಗಿಯಿಂದಲೂ ಬಂದು ಕೇಳುತ್ತಿದ್ದರು. ನನಗೆ ಇದರಲ್ಲೆಲ್ಲ ನಂಬಿಕೆಯಿರಲಿಲ್ಲ. ಆದರೆ ಅತ್ತೆ ನಾಟಕ ಆಡುವವಳಲ್ಲ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವ್ವ ಇಳಿದ ಮೇಲೆ, "ಏನಂದ್ಲಲೇ ಅಳಿಯಾ?" ಎಂದು ನನ್ನನ್ನೇ ಕೇಳುತ್ತಿದ್ದಳು. "ಆಕಿ ಬಂದ್ರ ನನಗ ಗೊತ್ತಾಗಂಗಿಲ್ಲ."

ಎರಡು ಸಾವಿರದ ಇಸವಿಯ ಆಚೀಚೆ ಅವಳು ನಿಂತನಿಂತಲ್ಲೇ ಬೀಳತೊಡಗಿದಳು. ದಾವಣಗೆರೆಯ ಡಾಕ್ಟರು, ಗುಂಡಿಗೆ ನಿಧಾನವಾಗಿದೆ, ಪೇಸ್‌ಮೇಕರ್ ಕೂರಿಸಿ ಅದರ ತಂತಿಯನ್ನು ಗುಂಡಿಗೆಗೆ ಇಳಿಸಬೇಕು ಎಂದರು. ಹಾಳೆಯ ಮೇಲೆ ಗುಂಡಿಗೆ ಬರೆದು ತೋರಿಸಿದರು. ತಂತಿಯ ತುದಿಯನ್ನು ಕೆಳಮೂಲೆಯಲ್ಲಿ ನಿಲ್ಲಿಸುವುದು ಸುಲಭ, ಆದರೆ ಅತ್ತೆಗೆ ಅಲ್ಲಿ ಗೋಡೆ ತೆಳು. ನಡುಗೋಡೆ ಒಳ್ಳೆಯದು, ಅಲ್ಲಿ ತಂತಿ ಹಿಡಿಯುವುದೇ ಕಷ್ಟ.

ಅತ್ತೆ ಹಾಳೆ ನೋಡಿ, "ಮೂಲ್ಯಾಗರ ಹೊಡೀರಿ, ನಡುಗ್ವಾಡಿಗರ ಹೊಡೀರಿ, ಗೂಟ ಕಿತ್ತು ಬರಬಾರ್ದು ನೋಡ್ರಿ" ಅಂದಳು.

ನಡುಗೋಡೆಯಲ್ಲಿ ತಂತಿ ನಿಲ್ಲಲಿಲ್ಲ. ಕೆಳಮೂಲೆಯಲ್ಲೇ ಇಟ್ಟರು. ಕಳಿಸುವಾಗ ಡಾಕ್ಟರು ಹೇಳಿ ಹೇಳಿ ಕಳಿಸಿದರು: ಎಡಗೈಯನ್ನು ಭುಜದಿಂದ ಮೇಲೆ ಎತ್ತಬಾರದು, ಹೊಟ್ಟೆ ತಾನಾಗಿ ಕುಣಿಯತೊಡಗಿದರೆ ತಂತಿ ಜರುಗಿದೆ ಅಂತ ಅರ್ಥ, ತಡಮಾಡಿದರೆ ಜೀವ ಉಳಿಯುವುದಿಲ್ಲ.

ಮುಂದಿನ ಹುಣ್ಣಿಮೆಗೇ ಪುಣ್ಯಾತ್ಗಿತ್ತಿ, ಪೂಜೆಯ ತುಂಬಿದ ಕೊಡವನ್ನು ಎರಡೂ ಕೈಯೆತ್ತಿ ಹಿಡಿದು ತಲೆ ಮೇಲೆ ಹೊತ್ತು ತಂದಳು. ಬೈದೆ. "ಅವ್ವನ ಕೊಡ ಒಕ್ಕೈಲೆ ಹೊರ್ತಾರೇನೋ, ಸುಮ್ನಿರು" ಅಂದಳು. ಗದ್ದುಗೆಯ ಮೇಲೆ ಕೂತು ಸ್ವಲ್ಪ ಹೊತ್ತಿಗೆ ಅವಳ ಹೊಟ್ಟೆ ಸೀರೆಯಡಿ ತಾಳ ಹಾಕಿದಂತೆ ಎಗರತೊಡಗಿತು.

"ಅವ್ವ ಬಂದ್ಲು! ಉಧೋ ಉಧೋ!" ಜನ ಭಂಡಾರ ತೂರಿದರು. ದೇವರು ಮೈಮೇಲೆ ಬಂದವರನ್ನು, ದೇವರು ತಾನಾಗಿ ಇಳಿಯುವವರೆಗೆ, ಯಾರೂ ಎಬ್ಬಿಸುವಂತಿಲ್ಲ. "ತಂತಿ ಜರುಗೈತಿ, ದಾರಿ ಬಿಡ್ರೋ" ಎಂದು ಕೂಗಿದೆ. ಪೂಜಾರಿ ಎದೆಗೆ ಕೈಕೊಟ್ಟು ದಬ್ಬಿದ. "ಅವ್ವ ಕುಂತಾಗ ಮುಟ್ಟಬ್ಯಾಡ, ವಂಶ ಉಳಿಯಂಗಿಲ್ಲ."

ಅತ್ತೆಯ ತುಟಿ ನೀಲಿಗಟ್ಟುತ್ತಿತ್ತು. ಅವಳು ನೇರ ನನ್ನನ್ನೇ ನೋಡಿದಳು. ಆ ಕಣ್ಣಲ್ಲಿ ಪೂರ್ತಿ ಎಚ್ಚರವಿತ್ತು. ಬಂದದ್ದು ಅವ್ವನಲ್ಲ ಎಂದು ಅದಕ್ಕೇ ನನಗೆ ಹೆದರಿಕೆಯಾಯಿತು.

ಆಗ ಅವಳು ಜೀವಮಾನದಲ್ಲಿ ಮೊದಲ ಸಲ ನಾಟಕ ಆಡಿದಳು. ಕೂದಲು ಕೆದರಿ, ಅವ್ವನ ದನಿ ತೆಗೆದು ಚೀರಿದಳು: "ನನ್ನ ಗಾಡಿ ಹತ್ತಿಸ್ರಿ! ದಾವಣಗೇರಿ ದಿಕ್ಕಿಗೆ ಕರ್ಕೊಂಡ್ ಹೋಗ್ರಿ! ಇಲ್ಲಂದ್ರ ಊರು ಉಳಿಸಂಗಿಲ್ಲ!" ನನ್ನನ್ನು ದಬ್ಬಿದ ಪೂಜಾರಿಯೇ ಓಡಿಹೋಗಿ ಮೆಕ್ಕೆಜೋಳದ ಟೆಂಪೋ ತರಿಸಿದ.

ದಾರಿಯುದ್ದಕ್ಕೂ ಅತ್ತಳು. ಸಾವಿಗೆ ಹೆದರಿ ಅಲ್ಲ. "ಆಕಿ ಹೆಸರಿಲೆ ಸುಳ್ಳು ಹೇಳಿದೆ ಅಳಿಯಾ. ಆಕಿ ಸುಮ್ನ ಬಿಡಂಗಿಲ್ಲ."

ಡಾಕ್ಟರು ಈ ಸಲ ಪಟ್ಟು ಹಿಡಿದು, ಹೊಸ ತಂತಿಯನ್ನು ನಡುಗೋಡೆಗೇ ತಿರುಪಿ ನಿಲ್ಲಿಸಿದರು. ಅದು ಗಟ್ಟಿಯಾಗಿ ನಿಂತಿತು. ಅತ್ತೆ ಇನ್ನೂ ಕೆಲವು ವರ್ಷ ಬದುಕಿದಳು. ಉಚ್ಚಂಗೆಮ್ಮ ಮಾತ್ರ ಮತ್ತೆ ಅವಳ ಮೈಮೇಲೆ ಬರಲಿಲ್ಲ. ಪ್ರತಿ ಹುಣ್ಣಿಮೆಗೂ ಮಡಿಯುಟ್ಟು ಗದ್ದುಗೆಯಲ್ಲಿ ಕೂತು, ಹಾಗೆಯೇ ಎದ್ದು ಬರುತ್ತಿದ್ದಳು. ಕೇಳಲು ಬರುವವರೂ ನಿಂತುಹೋದರು. "ಗೂಟ ಗಟ್ಟಿ ಐತಿ. ಆಕಳ ಹೋತು" ಅನ್ನುತ್ತಿದ್ದಳು. ನನಗೆ ಅನ್ನಿಸುತ್ತಿತ್ತು: ಬದುಕಿದ್ದಕ್ಕೆ ಇಂಥ ಶಿಕ್ಷೆಯೇ?

ಕೊನೆಗೆ ಕಫ ಕಟ್ಟಿ ಹಾಸಿಗೆ ಹಿಡಿದಳು. ಒಂದು ಸಂಜೆ ನನ್ನ ಬೆರಳು ಹಿಡಿದು ಆ ಉಬ್ಬಿನ ಮೇಲೆ ಇಟ್ಟುಕೊಂಡಳು.

"ನೋಡಲೇ, ಬಂದ್ಲೇನು?"

ದೇವರನ್ನು ನಂಬದ ನಾನು, "ಬಂದಾಳ ಅತ್ತಿ. ಬಂದು ಕುಂತಾಳ" ಅಂದೆ.

ಒಣಗಿದ ತುಟಿಯಲ್ಲೇ ನಕ್ಕಳು. "ಸುಳ್ಳ. ಬಂದಿದ್ರ ನನಗ ಗೊತ್ತಾಗ್ತಿರ್ಲಿಲ್ಲ."

ನಸುಕಿನಲ್ಲಿ ಅವಳಿಗೆ ಎಚ್ಚರ ತಪ್ಪಿತು. ಏನೂ ಗೊತ್ತಾಗದೆ, ಹಾಗೆಯೇ ಹೋದಳು. ನಾನು ಎದ್ದು ನಿಂತು ಕೈಮುಗಿದೆ.