ಓಡದೇ ಪಾಸಾದ ಪರೀಕ್ಷೆ

ಎರಡು ವರ್ಷದ ಹಿಂದಿನ ಮಾತು. ಕೋಲಾರದ ಒಂದು ಸಣ್ಣ ಕಚೇರಿಯಲ್ಲಿ ನಾನು ಕರ್ನಲ್ ಟೆಸ್ಟಿಂಗ್ ನೋಡಿಕೊಳ್ಳುವ ಹಿರಿಯ ಇಂಜಿನಿಯರ್ ಆಗಿದ್ದೆ. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು; ಪ್ರೊಸೆಸರ್, ಮೆಮೊರಿ ಎಲ್ಲವೂ ಅದರ ಹಿಡಿತದಲ್ಲಿ. ದಿನಾ ಮುಳಬಾಗಿಲಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ಮನೆಯಲ್ಲಿ ನಗುತ್ತಿದ್ದರು. ನಿಜ ಹೇಳಬೇಕೆಂದರೆ ಆ ಕೆಲಸ ನನಗೆ ಹೇಳಿ ಮಾಡಿಸಿದಂತಿತ್ತು.

ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ಇನ್ನೊಂದು ಕಂಪ್ಯೂಟರ್ ನಡೆಸುವುದಕ್ಕೆ ವರ್ಚುವಲೈಸೇಶನ್ ಎನ್ನುತ್ತಾರೆ. ಆ ಒಳಗಿನದರೊಳಗೆ ಮತ್ತೊಂದನ್ನು ನಡೆಸಿದರೆ ಅದು ನೆಸ್ಟೆಡ್, ಊಟದ ಡಬ್ಬಿಯೊಳಗೆ ಉಪ್ಪಿನಕಾಯಿಯ ಪುಟ್ಟ ಡಬ್ಬಿ ಇಟ್ಟ ಹಾಗೆ. ನಿಜವಾದ ಪ್ರೊಸೆಸರ್ ಇರುವುದು ಮಾತ್ರ ಒಂದೇ. ಅದರ ಹೊಸ ಫೀಚರ್‌ಗಳನ್ನು ತೀರ ಒಳಗಿನ ಯಂತ್ರಕ್ಕೂ ಸರಿಯಾಗಿ ತಲುಪಿಸುವುದು ನಡುವಿನ ಕರ್ನಲ್‌ನ ಹೊಣೆ.

ಆ ಭಾಗದ ಕೋಡ್ ಬರೆಯುತ್ತಿದ್ದವರು ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನ ವೆಂಕಟರಮಣಪ್ಪ. ಪ್ರೊಸೆಸರ್ ಕೆಲಸದ ನಡುವೆ ಅಂಕಿಗಳನ್ನು ಇಟ್ಟುಕೊಳ್ಳುವ ಜಾಗಕ್ಕೆ ರಿಜಿಸ್ಟರ್ ಎನ್ನುತ್ತಾರೆ. ಹೊಸ ಪ್ರೊಸೆಸರಿನ ಅಗಲವಾದ ರಿಜಿಸ್ಟರ್‌ಗಳು ಒಳಗಿನ ಯಂತ್ರಕ್ಕೂ ಸಿಗಲಿ ಎಂದು ಅವರು ಎರಡು ವರ್ಷ ಒದ್ದಾಡಿದ್ದರು.

ನಮ್ಮಲ್ಲೊಂದು ಪದ್ಧತಿಯಿತ್ತು. ಶುಕ್ರವಾರ ಮಧ್ಯಾಹ್ನ ಟೆಸ್ಟ್ ಪಟ್ಟಿಯನ್ನು ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸಬೇಕು: ಪಾಸಾದದ್ದು ಹಸಿರು, ಫೇಲಾದದ್ದು ಕೆಂಪು. ಪೂರ್ತಿ ಹಸಿರಿದ್ದರೆ ಕಚೇರಿಯ ಆರೂ ಜನ ಒಟ್ಟಿಗೆ ಊಟ. ಒಂದು ಕೆಂಪಿದ್ದರೂ ಅವರವರ ಡಬ್ಬಿ ಅವರವರ ಮೇಜಿನಲ್ಲಿ. ಮೂರು ವರ್ಷದಿಂದ ನನ್ನ ನೆಸ್ಟೆಡ್ ಟೆಸ್ಟುಗಳು ಹಸಿರೇ. ಅದರ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು.

ವೆಂಕಟರಮಣಪ್ಪನವರ ಹೊಸ ಕೋಡ್ ಸೇರಿದ ಶುಕ್ರವಾರ ಕೆಂಪು ಬಂತು. ನನ್ನ ಟೆಸ್ಟ್ ಒಳಗಿನ ಯಂತ್ರದಲ್ಲಿ ಗೊತ್ತಿರುವ ಅಂಕಿಗಳನ್ನು ರಿಜಿಸ್ಟರಿಗೆ ಬರೆದು, ಪ್ರೊಸೆಸರನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಟ್ಟು, ಮತ್ತೆ ತನ್ನ ಸರದಿ ಬಂದಾಗ ಓದಿ ನೋಡುತ್ತದೆ. ಅಂಕಿಗಳು ಬದಲಾಗಿದ್ದವು. ಹಳೆಯ ಕೋಡ್ ಹಾಕಿದರೆ ಹಸಿರು, ಹೊಸದು ಹಾಕಿದರೆ ಕೆಂಪು. ಇನ್ನೇನು ಬೇಕು? ಮ್ಯಾನೇಜರ್ ಬೆಂಗಳೂರಿನಿಂದ ಫೋನ್ ಮಾಡಿ, ಸಂಜೆ ಐದರೊಳಗೆ ಆ ಕೋಡ್ ತೆಗೆದುಬಿಡಿ, ಆ ಕೆಲಸವನ್ನೇ ಕೈಬಿಡೋಣ ಎಂದರು. ನನ್ನ ಒಂದು ವರದಿಯಿಂದ ಒಬ್ಬರ ಎರಡು ವರ್ಷದ ದುಡಿಮೆ ನೀರುಪಾಲಾಗುವುದರಲ್ಲಿತ್ತು.

ವೆಂಕಟರಮಣಪ್ಪ ಬೇಜಾರಾದರೆ ತೆಲುಗಿನಲ್ಲಿ ಗೊಣಗುವ ಮನುಷ್ಯ. ಅಂದು ಗೊಣಗುವ ಬದಲು ನೇರವಾಗಿ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಅಕ್ಕಾ, ತಪ್ಪು ನಂದೇ ಆದ್ರೆ ತೆಗೆದಾಕಿ, ನಾನೇನೂ ಅನ್ನಲ್ಲ. ಆದ್ರೆ ಹಳೇ ಕೋಡಲ್ಲಿ ಈ ಫೀಚರ್ ಒಳಕ್ಕೆ ಹೋಗ್ತಾನೇ ಇರ್ಲಿಲ್ಲ. ಮತ್ತೆ ನಿಮ್ ಟೆಸ್ಟು ಪಾಸ್ ಹೆಂಗಾಯ್ತು?"

ನನಗೆ ಸಿಟ್ಟು ಬಂತು. ಮುಖ ಗಂಟಿಕ್ಕಿಕೊಂಡೇ ಟೆಸ್ಟ್ ತೆರೆದೆ. ಮೂರನೇ ಸಾಲಿನಲ್ಲೇ ಇತ್ತು, ನಾನೇ ಬರೆದದ್ದು: ಫೀಚರ್ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ ಪಾಸ್ ಎಂದು ಹೇಳು. ಅದನ್ನು ಬರೆದಾಗ ನಮ್ಮ ಯಂತ್ರಗಳು ಹಳೆಯವು, ಯಾವುದರಲ್ಲೂ ಆ ಫೀಚರ್ ಇರಲಿಲ್ಲ. ಸುಮ್ಮನೆ ಕೆಂಪು ಬಂದು ಎಲ್ಲರ ಶುಕ್ರವಾರದ ಊಟ ಕೆಡುವುದು ಬೇಡವೆಂದು ಬರೆದಿದ್ದ ಸಾಲು. ಹೊಸ ಯಂತ್ರಗಳು ಬಂದ ಮೇಲೆ ತೆಗೆಯಬೇಕಿತ್ತು, ಮರೆತಿದ್ದೆ. ಹೊಸ ಯಂತ್ರಗಳಲ್ಲೂ ಹಳೆಯ ಕೋಡ್ ಫೀಚರನ್ನು ಒಳಕ್ಕೆ ಬಿಡುತ್ತಿರಲಿಲ್ಲ; ಅಂದರೆ ಈ ಪರೀಕ್ಷೆ ಮೂರು ವರ್ಷದಲ್ಲಿ ಒಮ್ಮೆಯೂ ಓಡಿಯೇ ಇರಲಿಲ್ಲ. ಆ ಸಾಲನ್ನು ವೆಂಕಟರಮಣಪ್ಪನವರಿಗೆ ತೋರಿಸಿದೆ.

ಇಬ್ಬರೂ ಕೂತೆವು. ಆ ಸಾಲು ಕಿತ್ತುಹಾಕಿ, ಹಳೆಯ ಕೋಡಿನಲ್ಲೇ ಫೀಚರನ್ನು ಬಲವಂತವಾಗಿ ಒಳಗಿನ ಯಂತ್ರಕ್ಕೆ ಕೊಟ್ಟು ಓಡಿಸಿದೆವು. ಅದೇ ಕೆಂಪು, ಅವೇ ತಪ್ಪು ಅಂಕಿಗಳು. ಸರದಿ ಬದಲಾಗುವಾಗ ಅಗಲ ರಿಜಿಸ್ಟರಿನ ಮೇಲಿನ ಅರ್ಧವನ್ನು ಎತ್ತಿಡುವುದನ್ನು ನಡುವಿನ ಕರ್ನಲ್ ಮೊದಲಿನಿಂದಲೂ ಮರೆಯುತ್ತಿತ್ತು. ಒಳಗೆ ಯಾರೂ ಅದನ್ನು ಬಳಸದಿದ್ದುದರಿಂದ ಗೊತ್ತಾಗಿರಲಿಲ್ಲ, ಅಷ್ಟೇ.

ನಾಲ್ಕೂವರೆಗೆ ಮ್ಯಾನೇಜರಿಗೆ ನಾನೇ ಫೋನ್ ಮಾಡಿದೆ. ತಪ್ಪು ವೆಂಕಟರಮಣಪ್ಪನವರದಲ್ಲ, ನನ್ನ ಟೆಸ್ಟ್ ಇಷ್ಟು ದಿನ ಸುಳ್ಳು ಹೇಳುತ್ತಿತ್ತು ಎಂದೆ. ಹೇಳುವಾಗ ಕಷ್ಟವಾಯಿತು; ಹೇಳಿದ ಮೇಲೆ ಹಗುರಾಯಿತು. ಕೋಡ್ ಉಳಿಯಿತು. ಹಳೆಯ ತಪ್ಪನ್ನು ತಿದ್ದಲು ಹನ್ನೆರಡು ಸಾಲು ಸಾಕಾದವು.

ಆ ವಾರವೆಲ್ಲ ನನ್ನ ಉಳಿದ ಟೆಸ್ಟುಗಳನ್ನೂ ಜಾಲಾಡಿದೆ. ಮುಂದಿನ ಶುಕ್ರವಾರ ಪಟ್ಟಿಯಲ್ಲಿ ಮೂರನೆಯ ಬಣ್ಣ ಬಂತು: ಹಳದಿ, ಅಂದರೆ ಓಡಿಲ್ಲ. ಕೆಂಪು ಒಂದೂ ಇಲ್ಲ, ಹಳದಿ ಹದಿನೇಳು. ಮ್ಯಾನೇಜರ್ ಗಾಬರಿಯಾಗಿ, ಹೋದ ತಿಂಗಳು ಇವೆಲ್ಲ ಹಸಿರಿದ್ದವಲ್ಲ ಎಂದರು. ಆಗ ನಾವು ನೋಡಿರಲಿಲ್ಲ ಸಾರ್ ಎಂದೆ. ನೋಡದೇ ಇದ್ದದ್ದನ್ನು ಸರಿಯಿದೆ ಎಂದು ಬರೆಯಬಾರದು. ಇಷ್ಟು ಕಲಿಯಲು ನನಗೆ ಇಪ್ಪತ್ತು ವರ್ಷದ ಸರ್ವೀಸ್ ಬೇಕಾಯಿತು.

ಪಟ್ಟಿ ಅಂಟಿಸಿ, ಇನ್ನು ಒಟ್ಟಿಗೆ ಊಟದ ಮಾತೆಲ್ಲಿ ಎಂದು ನನ್ನ ಮೇಜಿನಲ್ಲಿ ಡಬ್ಬಿ ತೆರೆದೆ. ವೆಂಕಟರಮಣಪ್ಪ ತಮ್ಮ ಡಬ್ಬಿ ಹಿಡಿದು ಕುರ್ಚಿ ಎಳೆದುಕೊಂಡರು.

"ಹಳದಿಗೆ ಏನ್ ರೂಲು ಅಂತ ಯಾರೂ ಮಾಡಿಲ್ವಲ್ಲಕ್ಕಾ," ಎಂದರು. "ಊಟ ಮಾಡಾಣ."